ಅಳತೆಗೆ ಬಂದವಳು

ನಮ್ಮ ಕಡೆ ಹೆಂಗಸರು ಬ್ಲೌಸ್ ಹೊಲಿಯಲು ಕೊಡುವಾಗ ಮೈ ಅಳತೆ ಕೊಡುವುದಿಲ್ಲ. ಮೈಗೆ ಸರಿಯಾಗಿ ಕೂರುವ ಒಂದು ಹಳೇ ಬ್ಲೌಸನ್ನು ಹೊಸ ಬಟ್ಟೆಯೊಳಗೆ ಸುತ್ತಿ ತಂದು, "ಇದೇ ಅಳತೆ, ತೋಳು ಮಾತ್ರ ಒಂಚೂರು ಉದ್ದ ಇರ್ಲಿ" ಅಂತ ಹೇಳಿ ಹೋಗುತ್ತಾರೆ. ಅದಕ್ಕೆ ಅಳತೆ ಬ್ಲೌಸ್ ಅಂತಲೇ ಹೆಸರು. ಬಸರೀಕಟ್ಟೆಯ ನನ್ನ ಅಂಗಡಿಯಲ್ಲಿ ಒಂದು ಬಿದಿರಿನ ಗಳಕ್ಕೆ ಊರಿನ ಹೆಂಗಸರ ಅಳತೆ ಬ್ಲೌಸುಗಳೆಲ್ಲ ನೇತಾಡುತ್ತಿರುತ್ತವೆ. ಯಾರಿಗೆ ಮೈ ಬಂತು, ಯಾರು ಇಳಿದರು, ಯಾರು ಬಸುರಿ ಅನ್ನುವುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಕುತ್ತಿಗೆಯಲ್ಲಿ ಟೇಪು ಇರುವುದು ಬಟ್ಟೆ ಅಳೆಯಲು. ಹೆಂಗಸರ ಮೈಗೆ ಅದು ತಾಗುವುದು ಅಪರೂಪ.

ಇದನ್ನು ಮೊದಲೇ ಹೇಳಿಟ್ಟೆ, ಯಾಕೆಂದರೆ ನಾನು ಹೇಳಿದ ಸುಳ್ಳು ಗಂಡಸರಿಗೆ ಮಾತ್ರ ನಾಟುವಂಥದ್ದು. ಹೆಂಗಸರು ಯಾರೂ ನಂಬುವ ಹಾಗಿರಲಿಲ್ಲ. ಈಗಲೂ ಯಾರ ಹೆಸರೂ ಹಾಕದೆ, ನನ್ನದನ್ನಂತೂ ಹಾಕದೆ ಬರೆಯುತ್ತಿದ್ದೇನೆ ನೋಡಿ, ನಾನು ಎಂಥ ಧೈರ್ಯದವಳು ಅಂತ ಅದರಲ್ಲೇ ತಿಳಿಯುತ್ತದೆ.

ಅಜ್ಜಿಯನ್ನು ಮೊದಲ ಸಲ ನೋಡಿದ್ದು ನಿಜವಾಗಿಯೂ ಅಳತೆಗೆ ಹೋದಾಗ. ನಮ್ಮೂರಿನಿಂದ ಮೇಲೆ ಒಂದು ಕಾಫಿ ಎಸ್ಟೇಟಿದೆ. ಅಲ್ಲಿ ಕೆಲಸದವರಿಗೆ ಸಾಲಾಗಿ ಕಟ್ಟಿಸಿದ ಮನೆಗಳಿವೆ, ಲೈನು ಅನ್ನುತ್ತೇವೆ. ಅದರ ಕೊನೆಯ ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಜೀವಮಾನವೆಲ್ಲ ಅದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ದು ಕೊಯ್ದು ಮಂಡಿ ಹೋಗಿತ್ತು. ಗಂಡ ಸತ್ತ ಮೇಲೆ, ಕೆಲಸ ಬಿಟ್ಟ ಮೇಲೂ, ಹಳೇ ಆಳು ಅಂತ ಧಣಿಗಳು ಮನೆ ಬಿಡಿಸಿರಲಿಲ್ಲ. ಹುಟ್ಟಾ ಕ್ರಿಶ್ಚಿಯನ್. ಗಂಡನನ್ನು ಮಣ್ಣು ಮಾಡಿದ್ದೂ ಅಲ್ಲೇ, ಲೈನಿನ ಹಿಂದೆ ಸಿಲ್ವರ್ ಮರಗಳ ಕೆಳಗೆ.

ಆ ವರ್ಷ ಅಜ್ಜಿಗೆ ಕಾಮಾಲೆ ಆಗಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಹಳೇ ಬ್ಲೌಸುಗಳೆಲ್ಲ ಚೀಲದ ಹಾಗೆ ಜೋತು ಬೀಳುತ್ತಿದ್ದವು. ಅಳತೆಗೆ ಕೊಡಲು ಒಂದೂ ಇಲ್ಲ, ನೀನೇ ಬಂದು ಟೇಪು ಹಿಡಿಯಬೇಕು ಅಂತ ಪಕ್ಕದ ಮನೆಯವಳ ಹತ್ತಿರ ಹೇಳಿ ಕಳಿಸಿದ್ದಳು. ಈ ಪಕ್ಕದ ಮನೆಯವಳು ನನ್ನ ಹಳೇ ಗಿರಾಕಿ. ಅವರೂ ಎಸ್ಟೇಟಿನವರೇ, ನಮ್ಮ ಹಾಗೆ ಹಿಂದೂಗಳು. ಬಾಯಿ ಜೋರು, ಮನಸ್ಸು ಒಳ್ಳೇದು.

ನಾನು ಆಗ ಸರಿ ಇರಲಿಲ್ಲ. ಎರಡನೇ ಸಲವೂ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅಡ್ಡಗದ್ದೆಯ ತವರಿನವರು ಹರಕೆ ಹೇಳಿದರು, ಅತ್ತೆಮನೆಯವರು ನಾಗನ ಕಾಟ ಅಂದರು, ಅಂಗಡಿಗೆ ಬಂದವರೆಲ್ಲ ಒಂದೊಂದು ಕಷಾಯ ಹೇಳಿದರು. ಎಲ್ಲರಿಗೂ ಹೂಂ ಹೂಂ ಅಂದು ಸಾಕಾಗಿತ್ತು. ಅಜ್ಜಿಯ ಎದೆಗೆ ಟೇಪು ಸುತ್ತುವಾಗ ಅವಳು ನನ್ನ ಮುಖ ನೋಡಿ, "ನಿಂಗೆ ಎಂತ ಆಗಿದೆ ಮಗಾ" ಅಂದಳು. ಏನಿಲ್ಲ ಅಂದೆ. ಅಜ್ಜಿ ಸುಮ್ಮನೆ ಕಾದಳು. ಆ ಕಾಯುವುದನ್ನು ತಡೆಯಲಾಗಲಿಲ್ಲ. ಟೇಪು ಕೈಯಲ್ಲೇ ಹಿಡಿದು ಎಲ್ಲ ಹೇಳಿಕೊಂಡೆ. ಅವಳು ಔಷಧ ಹೇಳಲಿಲ್ಲ, ನನ್ನ ಜೊತೆ ಕೂತು ಅತ್ತಳು. ಆಮೇಲೆ, "ನಿಂಗೆ ಬೇಜಾರಿಲ್ಲ ಅಂದ್ರೆ ಪ್ರಾರ್ಥನೆ ಮಾಡ್ಲಾ?" ಅಂತ ಕೇಳಿದಳು.

ಮಗು ಆಮೇಲೂ ಆಗಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಸೆ ತೋರಿಸಿ ಸೆಳೆಯುತ್ತಾರೆ ಅಂತ ಹೇಳುತ್ತಾರಲ್ಲ, ನನಗೆ ಆ ಮನೆಯಲ್ಲಿ ಸಿಕ್ಕಿದ್ದು ಕರಿ ಕಾಫಿ ಮಾತ್ರ. ಬೆಲ್ಲ ಕೂಡ ಕಮ್ಮಿ. ಆದರೂ ಮುಂದಿನ ಭಾನುವಾರ ಹೋದೆ, ಅದರ ಮುಂದಿನ ಭಾನುವಾರವೂ ಹೋದೆ. ಅಜ್ಜಿಗೆ ದೂರದ ಚರ್ಚಿಗೆ ಹೋಗಲು ಮಂಡಿ ಬಿಡುತ್ತಿರಲಿಲ್ಲ, ಅದಕ್ಕೆ ಲೈನಿನ ನಾಲ್ಕಾರು ಕ್ರಿಶ್ಚಿಯನ್ ಮನೆಯವರು ಅವಳಲ್ಲೇ ಸೇರುತ್ತಿದ್ದರು. ಹಾಡುತ್ತಿದ್ದರು, ಬೈಬಲ್ ಪುಸ್ತಕ ಓದುತ್ತಿದ್ದರು. ಕೊನೆಗೆ ಅಜ್ಜಿ ಎರಡೂ ಕೈ ಮೇಲೆತ್ತಿ ಪ್ರಾರ್ಥನೆ ಮಾಡುತ್ತಿದ್ದಳು. ಕೊಯ್ಲಿನಲ್ಲಿ ಕೊಂಬೆ ಎಳೆದು ಎಳೆದು ಒರಟಾದ ಕೈ, ಬೆರಳು ನೆಟ್ಟಗಾಗುತ್ತಿರಲಿಲ್ಲ. ಆ ಕೈ ನೋಡುತ್ತಾ ನೋಡುತ್ತಾ ನಾನು ಯೇಸುವನ್ನು ನಂಬಿದೆ. ಬೇರೆ ದೊಡ್ಡ ಕಾರಣ ಕೇಳಿದರೆ ನನ್ನ ಹತ್ತಿರ ಇಲ್ಲ.

ನನ್ನ ಗಂಡ ಜೀಪು ಓಡಿಸುತ್ತಾನೆ. ಅವನಿಗೆ ಗೊತ್ತಿತ್ತು. "ನೀನು ಯಾವ ದೇವರಿಗಾದ್ರೂ ಕೈ ಮುಗಿ ಮಾರಾಯ್ತಿ, ನನ್ನ ಜೀಪಿಗೆ ಬಾಡಿಗೆ ತಪ್ಪದಂಗೆ ನೋಡ್ಕೋ" ಅಂದಿದ್ದ. ಅವನ ಬಾಡಿಗೆ, ನನ್ನ ಹಬ್ಬದ ಬ್ಲೌಸುಗಳು, ಎಲ್ಲ ಊರಿನವರಿಂದಲೇ ಬರಬೇಕು. ಹಾಗಾಗಿ ನಾನು ಒಂದು ಉಪಾಯ ಮಾಡಿಕೊಂಡೆ. ಹಣೆಯ ಸ್ಟಿಕ್ಕರ್ ಬೊಟ್ಟನ್ನು ಲೈನಿನ ನಲ್ಲಿ ಹತ್ತಿರ ಬಂದಾಗ ತೆಗೆದು ಮೊಬೈಲಿನ ಬೆನ್ನಿಗೆ ಅಂಟಿಸುವುದು, ವಾಪಸ್ಸು ಇಳಿಯುವಾಗ ಅದೇ ನಲ್ಲಿ ಹತ್ತಿರ ಮತ್ತೆ ಹಣೆಗೆ ಇಡುವುದು. ಬೊಟ್ಟು ತೆಗಿ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಅಜ್ಜಿ ಒಂದು ಸಲ ನೋಡಿ, "ಅದಿದ್ರೆ ದೇವರಿಗೆ ನಿನ್ನ ಗುರ್ತು ಸಿಗಲ್ವಾ" ಅಂತ ನಕ್ಕಿದ್ದಳು. ತೆಗೆಯುತ್ತಿದ್ದದ್ದು ಅವರಿಗೆ ತೋರಿಸಲು, ಇಡುತ್ತಿದ್ದದ್ದು ಇವರಿಗೆ ತೋರಿಸಲು. ಇದರಲ್ಲಿ ದೇವರಿಗೆ ಅಂತ ಮಾಡಿದ್ದು ಯಾವುದು ಅಂತ ಯೋಚಿಸಿದರೆ ಈಗ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಹೀಗೇ ನಾಲ್ಕು ವರ್ಷ ನಡೆಯಿತು. ಕಾಮಾಲೆ ಆದ ಮೇಲೆ ನಾನು ಹೊಲಿದುಕೊಟ್ಟ ಬ್ಲೌಸುಗಳಲ್ಲಿ ಒಂದು ಅಜ್ಜಿಯ ಅಳತೆ ಬ್ಲೌಸಾಗಿ ನನ್ನ ಅಂಗಡಿಯ ಗಳಕ್ಕೆ ಸೇರಿತು. ಬಿಳಿ, ಕಂಕುಳಲ್ಲಿ ಹಳದಿ ತಿರುಗಿದ್ದು. ಲೈನಿನ ಹೆಂಗಸರೆಲ್ಲ ಅದನ್ನು ನೋಡಿದ್ದರು.

ಅವತ್ತು ಭಾನುವಾರ, ಕಾಫಿ ಕೊಯ್ಲಿನ ಕಾಲ. ಲೈನಿನ ಮುಂದಿನ ಕಣದ ತುಂಬ ಒಣಗಲು ಹಾಕಿದ ಹಣ್ಣು ಹರಡಿತ್ತು. ಹಾಡು ಮುಗಿದು ಅಜ್ಜಿ ಪ್ರಾರ್ಥನೆಗೆ ಕೈ ಎತ್ತಿದ್ದಳು. ಬೈಕುಗಳು ಬಂದು ನಿಂತ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಪೇಟೆ ಕಡೆಯ ಹುಡುಗರು ನಿಂತಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಹಿಂದೆ ಎಸ್ಟೇಟಿನ ರೈಟರು, ಕೆಲಸದವರ ಹಾಜರಿ ನೋಡುವವರು, ಅವರ ಮುಖ ಸಣ್ಣಗಾಗಿತ್ತು. "ಇಲ್ಲಿ ಮತಾಂತರ ನಡೀತಿದೆ ಅಂತ ಸುದ್ದಿ ಬಂದಿದೆ. ಕಾನೂನು ಬಂದಿರೋದು ಗೊತ್ತುಂಟಾ?" ಅಂತ ಒಬ್ಬ ಕೇಳಿದ. ಒಬ್ಬೊಬ್ಬರನ್ನೇ ಎಬ್ಬಿಸಿ, ನೀನು ಯಾರು, ಯಾವ ಜಾತಿ, ಇಲ್ಲಿಗೆ ಯಾಕೆ ಬಂದೆ ಅಂತ ಮುಖಕ್ಕೆ ಮೊಬೈಲು ಹಿಡಿದರು.

ಆ ನಾಲ್ಕಾರು ಮನೆಯವರು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ದೊಡ್ಡ ಮಾತೇನೂ ಆಡಲಿಲ್ಲ. "ನಾವು ಕ್ರಿಶ್ಚಿಯನ್ನರು, ಪ್ರಾರ್ಥನೆಗೆ ಬಂದಿದ್ದೇವೆ" ಅಂದರು, ಅಷ್ಟೇ. ಒಬ್ಬಳು ಗಂಡನ ತೋಳು ಹಿಡಿದುಕೊಂಡೇ ಹೇಳಿದಳು. ಅವಳ ಗಂಡನ ಅಂಗಿ ಹಿಡಿದು ಎಳೆದರು, ಜೇಬಿನಿಂದ ಕೆಳಗೆ ಹರಿಯಿತು. ಅವನು ಹರಿದ ಅಂಗಿಯಲ್ಲೇ ನಿಂತು ಅದನ್ನೇ ಮತ್ತೆ ಹೇಳಿದ. ಪುಸ್ತಕ ಕಣಕ್ಕೆ ಬಿತ್ತು, ಕಾಫಿ ಹಣ್ಣಿನ ಮಧ್ಯೆ.

ಆಮೇಲೆ ನನ್ನ ಸರದಿ. ನನ್ನ ಎದುರಿಗೆ ಬಂದ ಹುಡುಗ ಯಾರೆಂದು ನೋಡಿದರೆ, ಅವನ ಸ್ಕೂಲಿನ ಯೂನಿಫಾರ್ಮ್ ಚಡ್ಡಿ ಹೊಲಿದವಳು ನಾನು. ಅವನಿಗೂ ಗುರ್ತು ಸಿಕ್ಕಿತು. ಮೊಬೈಲು ಕೆಳಗಿಳಿಸಿ, "ಟೈಲರಕ್ಕ, ನೀವೆಂತ ಇಲ್ಲಿ?" ಅಂದ. ಗದರಿಸಲಿಲ್ಲ. ಗೌರವದಿಂದಲೇ ಕೇಳಿದ. ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ, ಯಾರೂ ಕೋಲು ತೋರಿಸಲಿಲ್ಲ. ಹಾಗೆ ತೋರಿಸಿದ್ದರೆ ನನಗೆ ಈಗ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

"ಅಳತೆಗೆ ಬಂದೆ ಮಾರಾಯ" ಅಂದೆ. "ಅಜ್ಜಿಗೆ ಬ್ಲೌಸ್ ಹೊಲೀಬೇಕಿತ್ತು."

ಬಾಯಿದ್ದವ ಬರಗಾಲದಲ್ಲೂ ಬದುಕುತ್ತಾನೆ ಅಂತ ನಮ್ಮಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದಳು. ಮಾತು ಅಷ್ಟು ಸಲೀಸಾಗಿ ಬಂತು. ಚೀಲದಲ್ಲಿ ಟೇಪು ಯಾವಾಗಲೂ ಇರುತ್ತದೆ, ತೆಗೆದು ಕುತ್ತಿಗೆಗೆ ಹಾಕಿಕೊಂಡೆ. "ಮತ್ತೆ ಹಣೆ ಯಾಕೆ ಖಾಲಿ?" ಅಂತ ಹಿಂದಿನಿಂದ ಒಬ್ಬ ಕೇಳಿದ. ಬೆವರಿಗೆ ಬಿದ್ದಿರಬೇಕು ಅಂದೆ. ಡಿಸೆಂಬರಿನ ಚಳಿಯಲ್ಲಿ ಬೆವರು. ಆದರೆ ನಾನು ನಿಜವಾಗಿಯೂ ಬೆವರುತ್ತಿದ್ದೆ, ಹಾಗಾಗಿ ಅದೂ ನಡೆಯಿತು.

ರೈಟರು ಅಜ್ಜಿಯ ಕಡೆ ತಿರುಗಿ, "ಹೌದಾ ಅಜ್ಜಿ?" ಅಂದರು.

ಅಜ್ಜಿ ಸುಳ್ಳು ಹೇಳುವವಳಲ್ಲ. ಕೊಯ್ದ ಹಣ್ಣಿನ ತೂಕದಲ್ಲಿ ಒಂದು ಹಿಡಿ ಹೆಚ್ಚು ಬಂದರೂ ವಾಪಸ್ಸು ಸುರಿದವಳು ಅಂತ ಲೈನಿನಲ್ಲಿ ಎಲ್ಲರೂ ಹೇಳುತ್ತಾರೆ. ಅವಳು ಬಾಯಿ ತೆರೆದರೆ ನನ್ನ ಕತೆ ಮುಗಿಯಿತು ಅಂತ ನನಗೆ ಗೊತ್ತಿತ್ತು. ಅವಳು ಉತ್ತರ ಕೊಡುವ ಮೊದಲೇ ಎದ್ದು ಹೋಗಿ ಅವಳ ಎದುರಿಗೆ ನಿಂತೆ. ಟೇಪು ಬಿಚ್ಚಿ, "ಕೈ ಎತ್ತಿ ಅಜ್ಜಿ" ಅಂದೆ.

ಅಜ್ಜಿ ನನ್ನನ್ನು ನೋಡಿದಳು. ಕೋಪದಿಂದಲ್ಲ. ಮೊದಲ ದಿನ ಕಾದ ಹಾಗೆ ಕಾದಳು. ನಾನು ಕಣ್ಣು ತಗ್ಗಿಸಿದೆ, ಟೇಪಿನ ಅಂಕಿ ನೋಡುವವಳ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಎರಡೂ ಕೈ ನಿಧಾನಕ್ಕೆ ಮೇಲೆ ಹೋದವು. ನಾನು ಎದೆಗೆ ಸುತ್ತಿದೆ, ಭುಜಕ್ಕೆ ಹಿಡಿದೆ, ತೋಳಿಗೆ ಹಿಡಿದೆ. ಅವಳ ಎದೆ ಹೊಡೆದುಕೊಳ್ಳುವುದು ಟೇಪಿನ ಮೇಲೆ ನನ್ನ ಬೆರಳಿಗೆ ತಾಗುತ್ತಿತ್ತು.

ಗಂಡಸರು ನಂಬಿದರು. ಕಣದ ಕಡೆಯ ಬಾಗಿಲಲ್ಲಿ ಲೈನಿನ ಹೆಂಗಸರು ಗುಂಪಾಗಿ ನಿಂತಿದ್ದರು, ಅವರು ಯಾರೂ ನಂಬಲಿಲ್ಲ. ಅಳತೆ ಬ್ಲೌಸು ಅಂಗಡಿಯಲ್ಲಿ ನೇತಾಡುತ್ತಿರುವಾಗ ಟೇಪು ಹಿಡಿದು ಬೆಟ್ಟ ಹತ್ತಿ ಬರುವ ಟೈಲರ್ ಯಾರಿದ್ದಾಳೆ? ಪಕ್ಕದ ಮನೆಯವಳು ಮುಂದೆ ಬಂದಳು. ಮುಗಿಯಿತು ಅಂದುಕೊಂಡೆ. ಅವಳು ಹುಡುಗರಿಗೆ ಕೇಳುವ ಹಾಗೆ, "ಹೌದು, ಅಜ್ಜಿ ಮೊನ್ನೆನೇ ಹೇಳ್ತಿತ್ತು, ಬ್ಲೌಸೆಲ್ಲ ಹರಿದಿದೆ ಅಂತ. ನಾನೇ ಹೇಳಿ ಕಳಿಸಿದ್ದು" ಅಂದಳು. ನನ್ನ ದೇವರು ಯಾರು ಅಂತ ಅವಳಿಗೆ ಗೊತ್ತಿತ್ತು, ಅವಳ ದೇವರು ಬೇರೆ, ಆದರೂ ನನಗೋಸ್ಕರ ಅಷ್ಟು ಜನರ ಎದುರು ಸುಳ್ಳು ಹೇಳಿದಳು. ನನಗೆ ನನ್ನ ದೇವರಿಗೋಸ್ಕರ ಒಂದು ನಿಜ ಹೇಳಲಾಗಲಿಲ್ಲ.

"ಬೇಗ ಮುಗಿಸಿ ಹೋಗಿ ಟೈಲರಕ್ಕ, ಇಂಥ ಕಡೆ ಬರೋದು ಒಳ್ಳೇದಲ್ಲ" ಅಂದ ಚಡ್ಡಿಯ ಹುಡುಗ. ಆಯ್ತಪ್ಪ ಅಂದೆ. ನಲ್ಲಿ ಹತ್ತಿರ ಬಂದು ಬೊಟ್ಟು ಇಟ್ಟುಕೊಂಡೆ.

ಮಾರನೇ ದಿನ ಪಕ್ಕದ ಮನೆಯವಳು ಅಂಗಡಿಗೆ ಬಂದಳು. ಹೊಲಿಯಲು ಏನೂ ತಂದಿರಲಿಲ್ಲ. ಸ್ಟೂಲಿನ ಮೇಲೆ ಕೂತು, "ನೋಡು, ಹೀಗಾಗಿದೆ" ಅಂತ ಶುರು ಮಾಡಿದಳು. ಹುಡುಗರು ಕೊಪ್ಪದ ಸ್ಟೇಷನ್ನಿಗೆ ದೂರು ಕೊಟ್ಟಿದ್ದರು. ಧಣಿಗಳು ಹೆದರಿದ್ದರು. ಅಜ್ಜಿ ಮನೆ ಬಿಡಬೇಕು ಅಂತ ಹೇಳಿಬಿಟ್ಟಿದ್ದರು. ಆದರೆ ರೈಟರಿಗೆ ಅಜ್ಜಿಯ ಮೇಲೆ ಕರುಣೆ. ಊರಿನವರು, ಅಂದರೆ ಹುಟ್ಟಾ ಕ್ರಿಶ್ಚಿಯನ್ ಅಲ್ಲದವರು, ಒಬ್ಬರಾದರೂ ಬಂದು "ಅಜ್ಜಿ ಯಾರನ್ನೂ ಸೆಳೆದಿಲ್ಲ, ನಾನಾಗೇ ಹೋಗ್ತಿದ್ದೆ" ಅಂತ ಹೇಳಿದರೆ, ಧಣಿಗಳ ಹತ್ತಿರ ತಾನು ಮಾತಾಡುತ್ತೇನೆ, ಅಜ್ಜಿ ಇಲ್ಲೇ ಇರಲಿ ಅಂತ ಹೇಳಿದ್ದರಂತೆ.

ಹಾಗೆ ಹೇಳಬಲ್ಲವಳು ಊರಿಗೆಲ್ಲ ಸೇರಿ ಒಬ್ಬಳೇ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. "ಅಜ್ಜಿ ಏನಂತು?" ಅಂದೆ. "ಅಜ್ಜಿ ಯಾರ ಹತ್ರಾನೂ ಹೋಗ್ಬೇಡ ಅಂತು. ನಾನಾಗೇ ಬಂದೆ" ಅಂದಳು. ನೋಡ್ತೇನೆ ಅಂದೆ. ಹೊಲಿಗೆ ಮುಂದುವರಿಸಿದೆ. ಅವಳು ಹೋದ ಮೇಲೆ ನೋಡಿದರೆ ಮೆಷಿನ್ನಿನಲ್ಲಿ ನೂಲೇ ಇರಲಿಲ್ಲ, ಬರೀ ಸೂಜಿ ಚುಚ್ಚಿಕೊಂಡು ಹೋಗಿತ್ತು.

ಆ ವಾರವೇ ಕೊಪ್ಪಕ್ಕೆ ಕರೆದರು. ಸುಮ್ಮನೆ ಕೇಳಲಿಕ್ಕೆ ಅಂತ. ಗಂಡನ ಜೀಪಿನಲ್ಲೇ ಹೋದೆವು. ದಾರಿ ಇಡೀ ಮನಸ್ಸಿನಲ್ಲಿ ಒಂದೇ ವಾಕ್ಯ ಕಟ್ಟುತ್ತಿದ್ದೆ. ನಾನಾಗೇ ಹೋಗ್ತಿದ್ದೆ ಸಾರ್. ನಾನಾಗೇ ಹೋಗ್ತಿದ್ದೆ ಸಾರ್. ಸ್ಟೇಷನ್ನಿನ ಹೊರಗಿನ ಬೆಂಚಿನಲ್ಲಿ ಅಜ್ಜಿ, ಎನ್.ಆರ್. ಪುರಕ್ಕೆ ಮದುವೆಯಾಗಿ ಹೋದ ಮಗಳ ಜೊತೆ ಕೂತಿದ್ದಳು. ಅವಳನ್ನು ಆಗಲೇ ಕೇಳಿ ಮುಗಿಸಿದ್ದರು. ನನ್ನನ್ನು ಕಂಡು, "ಬಂದ್ಯಾ ಮಗಾ" ಅಂದಳು, ಅಂಗಳಕ್ಕೆ ಬಂದವರನ್ನು ಮಾತಾಡಿಸುವ ಹಾಗೆ.

ಒಳಗೆ ಕೂತಿದ್ದ ಸಾಹೇಬರು ಒಳ್ಳೆಯವರೇ. ಕುಳಿತುಕೊಳ್ಳಿ ಅಂದರು. "ಆ ಅಜ್ಜಿ ತನ್ನ ವಿಷಯ ಎಲ್ಲ ಹೇಳ್ತು. ಪ್ರಾರ್ಥನೆ ಮಾಡೋದು ಹೌದು, ಯಾರನ್ನೂ ಸೇರಿಸಿಲ್ಲ ಅಂತು. ಟೈಲರ್ ವಿಷಯ ಕೇಳಿದ್ರೆ, ಅವಳನ್ನೇ ಕೇಳಿ ಅಂತು. ಹೇಳಿ, ನೀವು ಹೋಗ್ತಿದ್ರಾ?" ಅಂದರು. ಕಿಟಕಿ ತೆರೆದಿತ್ತು. ಹೊರಗೆ ಬೆಂಚು. ಅಜ್ಜಿಯ ಬೆನ್ನು ಕಾಣುತ್ತಿತ್ತು.

"ಅಳತೆಗೆ ಹೋಗಿದ್ದು ಸಾರ್" ಅಂದೆ.

ಸಾಹೇಬರಿಗೂ ಹಗುರಾಯಿತು ಅಂತ ಕಾಣುತ್ತದೆ. ಸರಿ ಹೋಗಿ ಅಂದರು. ಹೊರಗೆ ಬಂದಾಗ ಅಜ್ಜಿಯ ಮಗಳು ಮುಖ ತಿರುಗಿಸಿದಳು. ಅಜ್ಜಿ ತಲೆ ಎತ್ತಲಿಲ್ಲ, ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಜೀಪು ಹತ್ತಿದ ಮೇಲೆ ನನ್ನ ಗಂಡ, "ಒಳ್ಳೇದೇ ಆಯ್ತು. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ" ಅಂದ. ನೀನು ಯೇಸುವನ್ನು ನಂಬಿದ್ದೇನೆ ಅಂದಿದ್ದರೆ ಅಜ್ಜಿಯೇ ಮತಾಂತರ ಮಾಡಿದ್ದು ಅಂತ ಅವಳ ಮೇಲೆ ಕೇಸು ಹಾಕುತ್ತಿದ್ದರು, ನೀನು ಅವಳನ್ನು ಉಳಿಸಿದೆ ಅಂತ ವಿವರಿಸಿದ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆಮೇಲೆ ಎಷ್ಟೋ ದಿನ ನಾನೂ ಅದನ್ನೇ ಹೇಳಿಕೊಂಡೆ. ಆದರೆ ಆ ಕುರ್ಚಿಯಲ್ಲಿ ಕೂತಾಗ ಅಜ್ಜಿಯ ಮೇಲಿನ ಕೇಸು ನನ್ನ ತಲೆಯಲ್ಲಿ ಇರಲೇ ಇಲ್ಲ. ಇದ್ದದ್ದು ಸಂಕ್ರಾಂತಿಗೆ ಕೊಡಬೇಕಾಗಿದ್ದ ಬ್ಲೌಸುಗಳು, ಜೀಪು, ಅಡ್ಡಗದ್ದೆಯಲ್ಲಿ ಅಣ್ಣ ಏನಂದಾನು ಅನ್ನುವುದು. ಉಳಿಸಿದ ಮಾತೆಲ್ಲ ಆಮೇಲೆ ಹೊಳೆದದ್ದು.

ಅಜ್ಜಿ ಮನೆ ಬಿಟ್ಟಳು. ಸಾಮಾನು ಸಾಗಿಸಲು ಯಾರ ಜೀಪು ಕರೆದರು ಅಂತೀರಿ? ನನ್ನ ಗಂಡನದೇ. ಎನ್.ಆರ್. ಪುರದ ಮಗಳ ಮನೆಗೆ ಹೋಗಲು ಅವರು ನಮ್ಮ ಅಂಗಡಿಯ ಮುಂದೆಯೇ ಹಾದುಹೋಗಬೇಕು. ಜೀಪಿನ ಸದ್ದು ನನಗೆ ಗೊತ್ತಾಗದೆ ಇರುತ್ತದೆಯೇ? ತಿರುವಿನಲ್ಲಿ ಕೇಳಿದ ಕೂಡಲೇ ನೂಲಿನ ಬಾಬಿನ್ ಬೀಳಿಸಿಕೊಂಡವಳ ಹಾಗೆ ಮೆಷಿನ್ನಿನ ಕೆಳಗೆ ಬಗ್ಗಿದೆ. ಜೀಪು ಅಂಗಡಿಯ ಎದುರು ಸ್ವಲ್ಪ ನಿಧಾನವಾಯಿತು. ಅಜ್ಜಿ ಹೇಳಿ ನಿಧಾನ ಮಾಡಿಸಿದ್ದಳಂತೆ, ಗಂಡ ರಾತ್ರಿ ಹೇಳಿದ. ನಾನು ಚಿಂದಿ ಬಟ್ಟೆಯ ಮಧ್ಯೆ ಮುಖ ಇಟ್ಟುಕೊಂಡು, ಅದು ಹೋಗುವವರೆಗೂ ಏಳಲಿಲ್ಲ.

"ಏನಂತು ಅಜ್ಜಿ?" ಅಂತ ಕೇಳಿದೆ.

"ನಿನ್ನ ವಿಷಯ ಏನೂ ಆಡಲಿಲ್ಲ. ಹೊರಡುವ ಮೊದಲು ಗಂಡನ ಗೋರಿ ಹತ್ರ ಹೋಗಿ ಕೂತಿತ್ತು. ಏಳಲಿಕ್ಕೆ ಆಗಲಿಲ್ಲ, ನಾನೇ ಎತ್ತಿಕೊಂಡು ಬಂದು ಕೂರಿಸಿದೆ" ಅಂದ.

ಇಷ್ಟಕ್ಕೇ ಮುಗಿಯಲಿಲ್ಲ. ಲೈನಿನ ಹೆಂಗಸರು ಅಂಗಡಿಗೆ ಬಂದಾಗಲೆಲ್ಲ, "ಅಜ್ಜಿ ಬ್ಲೌಸ್ ಆಯ್ತಾ ಮಾರಾಯ್ತಿ?" ಅಂತ ಕೇಳತೊಡಗಿದರು. ಕೆಲವರು ನಗುತ್ತಾ ಕೇಳಿದರು, ಕೆಲವರು ನಗದೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನನಗೆ ಪ್ರತಿ ಸಲ ಕೈ ಕುತ್ತಿಗೆಯ ಟೇಪಿಗೆ ಹೋಗುತ್ತಿತ್ತು. ಒಂದು ದಿನ ಚಡ್ಡಿಯ ಹುಡುಗನ ತಾಯಿಯೂ ಕೇಳಿದಳು. ಆಮೇಲೆ ಹೊಲಿಯದೆ ಗತಿ ಇರಲಿಲ್ಲ. ಬಟ್ಟೆ ತರಲು ಶೃಂಗೇರಿಗೆ ಹೋದೆ.

ಅಲ್ಲಿ ಬಟ್ಟೆ ಅಂಗಡಿಯಲ್ಲಿ ಅತ್ತಿಗೆ ಸಿಕ್ಕಿದಳು, ಅಡ್ಡಗದ್ದೆಯ ಅಣ್ಣನ ಹೆಂಡತಿ. ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. "ಏನೇನೋ ಕೇಳಿದ್ವಿ. ಆಮೇಲೆ ನೀನೇ ಸ್ಟೇಷನ್ನಲ್ಲಿ ಹೇಳಿದೆ ಅಂತ ಗೊತ್ತಾಯ್ತು, ಸೇರಿಲ್ಲ ಅಂತ. ನಿಮ್ಮಣ್ಣ ಆ ದಿನ ಹೊಟ್ಟೆ ತುಂಬ ಉಂಡರು. ನಿನ್ನ ಹೆಸರಲ್ಲಿ ದೀಪ ಹಚ್ಚಿಸಿದ್ದೇನೆ" ಅಂದಳು. ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು ನನ್ನ ಹಣೆಗೆ ಇಟ್ಟಳು. ಅವಳ ಬೆರಳಿನಲ್ಲಿ ಬರೀ ಪ್ರೀತಿ ಇತ್ತು. ನನ್ನ ಸುಳ್ಳಿಗೆ ಅವರು ದೇವರಿಗೆ ದೀಪ ಹಚ್ಚಿದ್ದರು. ಅತ್ತಿಗೆಗೆ ನಿಜ ಹೇಳಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳೋ, ಅಪ್ಪಿಕೊಳ್ಳುತ್ತಿದ್ದಳೋ, ನನಗೆ ಗೊತ್ತಿಲ್ಲ. ಹೇಳಿ ನೋಡಲಿಲ್ಲ.

ಬಿಳಿಯ ಮೇಲೆ ಸಣ್ಣ ನೀಲಿ ಹೂವಿನ ಬಟ್ಟೆ ತಂದೆ. ಅವತ್ತು ಟೇಪು ಹಿಡಿದು ಏನು ಅಳೆದೆ ಅಂತ ಒಂದೂ ನೆನಪಿರಲಿಲ್ಲ. ಗಳದಿಂದ ಹಳೇ ಬಿಳಿ ಬ್ಲೌಸು ತೆಗೆದು, ಅದನ್ನೇ ಇಟ್ಟು ಕತ್ತರಿಸಿದೆ. ಅಷ್ಟು ಚೊಕ್ಕವಾಗಿ ನಾನು ಯಾವ ಮದುಮಗಳಿಗೂ ಹೊಲಿದಿಲ್ಲ. ಕೈ ಹೊಲಿಗೆ ಎರಡು ಸಲ ಬಿಚ್ಚಿ ಎರಡು ಸಲ ಹಾಕಿದೆ. ಆಮೇಲೆ ಎಲ್ಲರಿಗೂ ಕಾಣುವ ಹಾಗೆ ಅಂಗಡಿಯ ಮುಂದೆ ತೂಗುಹಾಕಿದೆ. ಹೆಂಗಸರು ಕೇಳುವುದು ನಿಂತಿತು. ಬ್ಲೌಸು ಧೂಳು ಹಿಡಿಯತೊಡಗಿತು.

ಕೊನೆಗೆ ಕಾಫಿ ಹೂ ಬಿಟ್ಟ ಕಾಲಕ್ಕೆ ಒಂದು ಭಾನುವಾರ ಅದನ್ನು ಒಗೆದು, ಇಸ್ತ್ರಿ ಮಾಡಿ, ಎನ್.ಆರ್. ಪುರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಿಂದ ಕೇಳಿಕೊಂಡು ಹೋಗುವಾಗ ಚರ್ಚು ಬಿಟ್ಟ ಹೊತ್ತು. ಹೆಂಗಸರು ಒಳ್ಳೇ ಸೀರೆ ಉಟ್ಟು, ಪುಸ್ತಕ ಕೈಯಲ್ಲೇ ಹಿಡಿದು, ರಸ್ತೆಯ ಮಧ್ಯೆ ನಿಂತು ಮಾತಾಡುತ್ತಿದ್ದರು. ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅಜ್ಜಿಯ ಮಗಳ ಮನೆ ಹತ್ತಿರ ನಿಂತು ಬೊಟ್ಟು ತೆಗೆದು ಮೊಬೈಲಿಗೆ ಅಂಟಿಸಿದೆ.

ಅಜ್ಜಿ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಇದ್ದಳು. "ಬಂದ್ಯಾ ಮಗಾ" ಅಂದಳು, ಅದೇ ಹಿಂದಿನ ದನಿ. ಮಗಳು ಕಾಫಿ ಇಟ್ಟು ಹೊರಗೆ ಹೋದಳು. ಬ್ಲೌಸು ಬಿಚ್ಚಿ ತೋರಿಸಿದೆ. ಅಜ್ಜಿ ಬಟ್ಟೆ ಮುಟ್ಟಿ ನೋಡಿ, "ಹಳೇದು ಇಟ್ಟು ಕತ್ತರಿಸಿದ್ದಾ?" ಅಂದಳು. ಹೂಂ ಅಂದೆ. "ಮತ್ತೆ. ಅವತ್ತು ನೀನು ಟೇಪನ್ನ ತಲೆಕೆಳಗೆ ಹಿಡಿದಿದ್ದೆ" ಅಂದು ನಕ್ಕಳು. ನನಗೂ ನಗು ಬಂತು. ನಗುತ್ತಾ ಇರುವಾಗಲೇ ಅಳು ಬಂತು.

"ಎಲ್ಲರೂ ಹೇಳ್ತಾರೆ, ನೀನು ನನ್ನ ಉಳಿಸಲಿಕ್ಕೆ ಹಾಗೆ ಹೇಳಿದ್ದು ಅಂತ. ಹೌದಾ?" ಅಂದಳು ಅಜ್ಜಿ.

"ಅಲ್ಲ ಅಜ್ಜಿ. ಹೆದರಿ ಹೇಳಿದ್ದು."

ಅಜ್ಜಿ ತಲೆ ಆಡಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಕ್ಷಮಿಸಿದೆ ಅಂದರೂ ನಡೆಯುತ್ತಿತ್ತು, ಅದನ್ನು ತೆಗೆದುಕೊಂಡು ಹೋಗಲೇ ನಾನು ಬಂದಿದ್ದೆನೇನೋ. ಅವಳು ತನ್ನ ಕೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡು ಹೇಳಿದಳು:

"ನಾನೂ ಎತ್ತಿದೆನಲ್ಲ ಮಗಾ. ರೈಟರು ಹೌದಾ ಅಂತ ಕೇಳಿದರು. ಅಲ್ಲ ಅನ್ನಬಹುದಿತ್ತು. ಬಾಯಿ ಮುಚ್ಚಿಕೊಂಡು ಕೈ ಎತ್ತಿದೆ. ನಿನ್ನ ಬಿಟ್ಟುಕೊಡಬಾರದು ಅಂತ ಎತ್ತಿದ್ನಾ, ಮನೆ ಹೋಗ್ತದೆ ಅಂತ ಎತ್ತಿದ್ನಾ, ನಂಗೇ ಗೊತ್ತಿಲ್ಲ. ಮನೆ ಹೆಂಗೂ ಹೋಯ್ತು. ಈಗ ಪ್ರಾರ್ಥನೆಗೆ ಅಂತ ಎತ್ತಲಿಕ್ಕೆ ಹೋದ್ರೆ ಕೈ ಅರ್ಧಕ್ಕೆ ನಿಲ್ತದೆ. ಯಾತಕ್ಕೆ ಎತ್ತಿದ್ದೆ ಅನ್ನೋದು ನೆನಪಾಗ್ತದೆ. ಮಗಳು ಭುಜದ ನೋವು ಅಂತ ಎಣ್ಣೆ ತಿಕ್ತಾಳೆ. ನಾನೂ ಹೌದು ಅಂತೇನೆ."

ಹುಡುಗರು ಅವಳ ಮನೆ ಬಿಡಿಸಿದರು, ಪುಸ್ತಕ ಕಣಕ್ಕೆ ಎಸೆದರು, ಆದರೆ ಆ ಕೈಗಳನ್ನು ಅವರು ಮುಟ್ಟಿರಲಿಲ್ಲ. ಅದನ್ನು ಮಾಡಿದವಳು ನಾನು. ಆಮೇಲೆ ಅಜ್ಜಿ ಹಾಕಿ ನೋಡ್ತೇನೆ ಅಂದಳು. ನಾನೇ ತೊಡಿಸಿದೆ. ತೋಳು ತೂರಿಸಲು ಕೈ ಎತ್ತಬೇಕಲ್ಲ, ನಾನು "ಕೈ ಎತ್ತಿ" ಅಂತ ಹೇಳಲಿಲ್ಲ, ಹಿಡಿದು ಮೆಲ್ಲಗೆ ಒಂದೊಂದಾಗಿ ತೂರಿಸಿದೆ. ಸರಿಯಾಗಿ ಕೂತಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಟ್ಟಿ ಮನಸ್ಸು ಮಾಡಿದೆ. ನಾಳೆಯೇ ರೈಟರ ಹತ್ತಿರ ಹೋಗುತ್ತೇನೆ, ನಾನಾಗೇ ಬರುತ್ತಿದ್ದೆ ಅನ್ನುತ್ತೇನೆ. ಮನೆ ಖಾಲಿಯೇ ಇದೆಯಂತೆ, ಅಜ್ಜಿಯನ್ನು ಗೋರಿಯ ಹತ್ತಿರ ವಾಪಸ್ಸು ಕರೆತರಬಹುದು. ಗಂಡನಿಗೆ ಹೇಗೆ ಹೇಳುವುದು, ಅಣ್ಣನಿಗೆ ಯಾವ ಮಾತಿನಲ್ಲಿ ಹೇಳುವುದು, ಎಲ್ಲ ಕೂಡಿಸಿಕೊಂಡೆ. ನಿಜ ಹೇಳಬೇಕೆಂದರೆ ಸಂತೋಷವೇ ಆಗಿತ್ತು. ಕೊಪ್ಪ ಬಂತು, ಬಸ್ಸು ಬದಲಿಸಲು ಇಳಿದೆ. ಇಳಿಯುವಾಗ ನೋಡಿಕೊಂಡರೆ ಬೊಟ್ಟು ಹಣೆಯಲ್ಲಿತ್ತು. ಯಾವಾಗ ಇಟ್ಟುಕೊಂಡೆ ಅಂತ ನನಗೇ ಗೊತ್ತಾಗಿರಲಿಲ್ಲ.

ಬಸರೀಕಟ್ಟೆಯ ಬಸ್ಸಿನ ಹತ್ತಿರ ಪಕ್ಕದ ಮನೆಯವಳು ನಿಂತಿದ್ದಳು, ಕೈಯಲ್ಲಿ ಸಂತೆಯ ಚೀಲ. ನನ್ನನ್ನು ಕಂಡು ಮುಖ ಅರಳಿತು. ಸುತ್ತ ಗುರ್ತಿನವರು ಯಾರೂ ಇರಲಿಲ್ಲ. "ಎಲ್ಲಿಗೆ ಹೋಗಿದ್ದೆ ಮಾರಾಯ್ತಿ?" ಅಂದಳು.

"ಎನ್.ಆರ್. ಪುರಕ್ಕೆ. ಅಜ್ಜಿಗೆ ಬ್ಲೌಸ್ ಕೊಡಲಿಕ್ಕೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ನನ್ನ ಮುಖವನ್ನೇ ನೋಡುತ್ತಾ ಕಾದಳು, ಅಜ್ಜಿ ಕಾದ ಹಾಗೆಯೇ. ಅವಳಿಗೆ ಹೇಳಿದ್ದರೆ ಅವಳೇ ನನ್ನ ಕೈ ಹಿಡಿದು ರೈಟರ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು.

"ಅಷ್ಟೇಯಾ?" ಅಂದಳು.

"ಅಷ್ಟೇ" ಅಂದೆ.